ತಟ್ಟಿಯ ಆ ಕಡೆಯ ಬೆಂಗಳೂರಿನವನು

ಮೊನ್ನೆ ಮಗನ ಬೈಕಿನ ಹಿಂದೆ ಕೂತು ತುಮಕೂರಿನಿಂದ ಮಧುಗಿರಿಗೆ ಹೋಗುತ್ತಿದ್ದೆ. ಕೊರಟಗೆರೆಯಲ್ಲಿ ಟೀ ಕುಡಿಯೋಣವೆಂದು ಇಳಿದರೆ, ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ಕೂತ ಹೆಂಗಸೊಬ್ಬಳು ಕುಕ್ಕೆಯಲ್ಲಿ ಈಚಲ ಹಣ್ಣು ಮಾರುತ್ತಿದ್ದಳು. ಬಿಸಿಲಿಗೆ ಅರ್ಧ ಹಣ್ಣು ಹುಳಿತುಹೋಗಿ ಆ ವಾಸನೆ ರಸ್ತೆಯ ತನಕ ಬರುತ್ತಿತ್ತು. ಮಗ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ಹೊಟ್ಟೆಯೊಳಗೆ ಚುರ್ ಅಂದಿತು. ಹಸಿವಾಯಿತೇನೋ ಅಂದುಕೊಂಡೆ. ಆಮೇಲೆ ಗುರುತು ಸಿಕ್ಕಿತು. ಅದು ನನ್ನ ಹಳೆಯ ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚಿನಲ್ಲಿ ನಾನು ಅಷ್ಟೇನೂ ದೊಡ್ಡ ಹೆಸರು ಮಾಡಿದವನಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿಸಿದಾಗ, ನನಗಿಂತ ಚಿಕ್ಕವನು ಹೆಡ್ ಮಾಸ್ತರನಾದಾಗ ಎಲ್ಲರಿಗೂ ಆಗುವಷ್ಟು ಆಗಿದೆ, ಊಟ ಮಾಡಿ ಮಲಗಿದ ಮೇಲೆ ಹೋಗಿದೆ. ನಿಮಗೂ ಹಾಗೇ ಇರಬೇಕು. ಆದರೆ ಒಂದು ಸಲ ಮಾತ್ರ ನಿಜವಾಗಿ ಉರಿಯಿತು. ನಮ್ಮ ಮನೆಗೆ ಶನಿವಾರ ಬಂದು ಸೋಮವಾರ ಹೋದ ಒಬ್ಬ ಅತಿಥಿಯ ಮೇಲೆ. ಅವನು ನಮ್ಮಿಂದ ತೆಗೆದುಕೊಂಡು ಹೋದದ್ದು ಏನೂ ಇಲ್ಲ. ನನ್ನ ಅಪ್ಪನ ಜೊತೆ ಒಂದು ಭಾನುವಾರ ಸುತ್ತಾಡಿದ, ಅಷ್ಟೇ.

ಅಪ್ಪನಿಗೆ ಮಧುಗಿರಿಯ ಪೇಟೆಯಲ್ಲಿ ಕಂಬಳಿ ಅಂಗಡಿ ಇತ್ತು. ನಮ್ಮದು ಕುರಿ ಕಾಯುತ್ತಿದ್ದ ಮನೆತನ. ತಾತನ ಕಾಲಕ್ಕೆ ಕುರಿ ಹೋಗಿ ಉಣ್ಣೆ ಉಳಿಯಿತು. ಸಿರಾ, ಪಾವಗಡದ ಸಂತೆಗಳೆಲ್ಲ ಅಪ್ಪನಿಗೆ ಅಂಗೈ ಗೆರೆ. ಆದರೆ ಅಪ್ಪ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಜಗಳವಲ್ಲ, ಸಿಟ್ಟಲ್ಲ. ಬೆಳೆದ ಮಗನ ಹತ್ತಿರ ಅಪ್ಪ ನೇರವಾಗಿ ಮಾತಾಡಬಾರದೆಂಬುದು ನಮ್ಮ ಬೀದಿಯಲ್ಲಿ ಯಾರೂ ಬರೆಯದ ಕಾನೂನು. ಅಪ್ಪ ಜಗಲಿಯ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ ಕೂತಿರುತ್ತಿದ್ದೆವು. ಅಪ್ಪ ಒಳಗಿನ ಅಡುಗೆಮನೆಯ ಕಡೆ ಮುಖ ಮಾಡಿ, “ರೇಡಿಯೋ ಸ್ವಲ್ಪ ಸಣ್ಣಕ್ ಇಡು ಅನ್ನು ಅವ್ನಿಗೆ” ಎಂದು ಕೂಗುತ್ತಿದ್ದರು. ರೇಡಿಯೋ ನನ್ನ ತೊಡೆಯ ಮೇಲೇ ಇರುತ್ತಿತ್ತು. ಅಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು, “ಕೇಳಿಸ್ತೇನ್ಲಾ?” ಅನ್ನುತ್ತಿದ್ದಳು. ನಾನು ಅಮ್ಮನಿಗೆ, “ಇನ್ನೊಂದು ಹಾಡು ಮುಗೀಲಿ ಅನ್ನು” ಎನ್ನುತ್ತಿದ್ದೆ. ಅಮ್ಮ ಪಾವಗಡದ ಕಡೆಯವಳು. ರೇಗಿದರೆ ತೆಲುಗು ಹೊರಗೆ ಬರುತ್ತಿತ್ತು. “ಏಮಯ್ಯಿಂದಿ ಮೀಕು! ಏನಾಗೈತೆ ನಿಮ್ಗೆ? ನಾನೇನು ಪೋಸ್ಟಾಫೀಸಾ?” ಎಂದು ಬೈದು ಒಳಗೆ ಹೋಗುತ್ತಿದ್ದಳು. ಆದರೂ ಮರುದಿನ ಮತ್ತೆ ಅಂಚೆ ಬಟವಾಡೆ ಮಾಡುತ್ತಿದ್ದಳು.

ಇದರಲ್ಲಿ ನನಗೆ ಯಾವ ಕೊರತೆಯೂ ಕಂಡಿರಲಿಲ್ಲ. ಅಪ್ಪ ಮಾತು ಕಡಿಮೆಯ ಮನುಷ್ಯ ಅಂದುಕೊಂಡಿದ್ದೆ. ಕೆಲವರಿಗೆ ಕೂದಲು ಕಡಿಮೆ ಇರುವುದಿಲ್ಲವೆ, ಹಾಗೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೊರಟಗೆರೆಯಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಮೋಹನ ಬೆಂಗಳೂರಿನವನು, ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ. “ಈ ವಾರ ನಿಮ್ಮೂರು ಸುತ್ತಿಸು ಮಾರಾಯ, ಬೆಂಗಳೂರು ಬೇಜಾರಾಗಿದೆ” ಎಂದು ಅಲ್ಲಿಂದ ಬಂದ. ನಾನು ವಾರವೆಲ್ಲ ತಯಾರಿ ನಡೆಸಿದ್ದೆ. ಬೆಟ್ಟ ಹತ್ತುವಾಗ ಯಾವ ಮೆಟ್ಟಿಲ ಬಳಿ ಯಾವ ರಾಜನ ವಿಷಯ ಹೇಳುವುದು, ಸಿರಾದ ಕೋಟೆಯ ಮುಂದೆ ನಿಂತು ಕೈಯನ್ನು ಯಾವ ದಿಕ್ಕಿಗೆ ಚಾಚುವುದು, ಅಲ್ಲಿನ ಸಾಹೇಬರ ಮಾಂಸದ ಹೋಟೆಲಿನಲ್ಲಿ ಏನು ತರಿಸುವುದು, ಎಲ್ಲ ಗೊತ್ತು ಮಾಡಿಕೊಂಡಿದ್ದೆ. ಐದನೇ ಕ್ಲಾಸಿನ ಮಕ್ಕಳ ಮುಂದೆ ಒಂದು ಸಲ ಹೇಳಿಯೂ ನೋಡಿದ್ದೆ. ಅವರಲ್ಲಿ ಇಬ್ಬರು ತೂಕಡಿಸಿದರು. ಮೋಹನ ತೂಕಡಿಸಲಾರ ಎಂಬ ಭರವಸೆ ನನಗಿತ್ತು.

ಶನಿವಾರ ಸಂಜೆ ಜಗಲಿಯ ಮೇಲೆ ನಾವು ಮೂವರೂ ಕೂತಿದ್ದೆವು. ಮೋಹನನಿಗೆ ನಮ್ಮ ಬೀದಿಯ ಕಾನೂನು ಗೊತ್ತಿಲ್ಲ. ಅವನು ಹೋಗಿ ಅಪ್ಪನ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತ.

“ಅಂಕಲ್, ಈಗ ಬೆಂಗಳೂರಲ್ಲಿ ಪಬ್ ಅಂತ ಶುರುವಾಗಿದೆ” ಅಂದ. “ಹಿಡಿ ಇರೋ ದೊಡ್ಡ ಗಾಜಿನ ಲೋಟದಲ್ಲಿ ಬೀರು ಕೊಡ್ತಾರೆ. ಒಳಗೆ ಮಬ್ಬು ಬೆಳಕು, ಹಾಡು. ಶನಿವಾರ ಬಂದ್ರೆ ಕೂರೋಕೆ ಜಾಗ ಇರಲ್ಲ.”

ನನ್ನ ಜೀವ ಹೋದಂತಾಯಿತು. ನಮ್ಮ ಜಗಲಿಯ ಮೇಲೆ, ಅಪ್ಪನ ಎದುರಿಗೆ, ಬೀರು! ನಾನು ಮೋಹನನಿಗೆ ಕಣ್ಣು ಮಿಟುಕಿಸಿದೆ. ಅವನು, “ಕಣ್ಣಿಗೇನಾಯ್ತೋ?” ಎಂದು ಕೇಳಿದ.

ಅಪ್ಪ ಅವನ ಕಡೆ ತಿರುಗಿದರು. “ಕುಡ್ದು ಏನ್ ಮಾಡ್ತಾರಪ್ಪ ಅಲ್ಲಿ?”

“ಸುಮ್ನೆ ಮಾತಾಡ್ತಾ ಕೂತಿರ್ತಾರೆ ಅಂಕಲ್.”

“ಅಷ್ಟೇಯಾ? ಅಂತಾದ್ದು ನಮ್ಮಲ್ಲೂ ಐತೆ ಬಾರಪ್ಪ. ನಾಳೆ ತೋರಿಸ್ತೀನಿ.” ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ಅವ್ನು ನಾಳೆ ಅಂಗ್ಡೀಲಿ ಕೂತ್ಕಳ್ಲಿ ಅನ್ನು.”

ಹೀಗೆ ನನ್ನ ಸ್ನೇಹಿತ, ನನ್ನ ಊರು, ನನ್ನ ಅಪ್ಪ, ಮೂರೂ ಒಂದೇ ಮಾತಿನಲ್ಲಿ ನನ್ನ ಕೈ ತಪ್ಪಿ ಹೋದವು. ಭಾನುವಾರ ನಸುಕಿನಲ್ಲೇ ಅವರಿಬ್ಬರೂ ಬೆಟ್ಟಕ್ಕೆ ಹೋದರು. ಇಳಿದು ಬಂದು ತಿಂಡಿ ತಿಂದು ಸಿರಾದ ಬಸ್ಸು ಹತ್ತಿದರು. ನಾನು ಅಂಗಡಿಯಲ್ಲಿ ಕಂಬಳಿ ಬಿಚ್ಚಿ ತೋರಿಸುತ್ತಾ, ಮತ್ತೆ ಮಡಿಸುತ್ತಾ ಕೂತೆ. ಸುಡು ಬಿಸಿಲಿನ ದಿನ ಕಂಬಳಿ ಅಂಗಡಿಗೆ ಯಾರು ಬರುತ್ತಾರೆ ಹೇಳಿ? ಬಂದವರೆಲ್ಲ ಸುದ್ದಿ ಹೇಳಲು ಬಂದವರೇ.

“ಯಾರ್ಲಾ ಅದು ಪ್ಯಾಂಟಿನೋರು? ನಿಮ್ಮಪ್ಪ ಹೆಗಲ ಮೇಲೆ ಕೈ ಹಾಕ್ಕೊಂಡು ಹೋಗ್ತಿದ್ನಲ್ಲ” ಅಂದ ಎದುರಿನ ಸೋಡಾ ಅಂಗಡಿಯವನು. ನಮ್ಮ ಹಿಂದಿನ ಮನೆಯ ರಂಗಮ್ಮ ಬಂದವಳು ಕೂರಲೂ ಇಲ್ಲ. “ಬಸ್ಸಿನ ಕಿಟಕೀಲಿ ನೋಡ್ದೆ ಕಣಪ್ಪ. ನಿಮ್ಮಪ್ಪಂಗೆ ಅಷ್ಟು ಹಲ್ಲೈತೆ ಅಂತ ಇವತ್ತೇ ಗೊತ್ತಾಗಿದ್ದು” ಅಂದಳು. ನಾನು ನಕ್ಕೆ. ನಗದೆ ಏನು ಮಾಡಲಿ. ಆಮೇಲೆ ಒಂದು ಕಂಬಳಿಯನ್ನು ಎಷ್ಟು ಜೋರಾಗಿ ಒದರಿದೆನೆಂದರೆ ಅದರ ಧೂಳಿಗೆ ನನಗೇ ಕೆಮ್ಮು ಹತ್ತಿತು.

ರಾತ್ರಿ ಬಂದ ಮೋಹನನ ಮುಖ ಬಿಸಿಲಿಗೆ ಕೆಂಪಾಗಿತ್ತು. ಅವನು ಹೇಳಿದ್ದೇ ಹೇಳಿದ್ದು. ಬೆಟ್ಟದ ಮೇಲೆ ಅಪ್ಪ ಹುಡುಗನಾಗಿದ್ದಾಗ ಒಂದು ಕುರಿಮರಿ ಕಳೆದುಕೊಂಡು, ತಾತನ ಹೆದರಿಕೆಗೆ ಮನೆಗೆ ಬರದೆ ಬಂಡೆಯ ಸಂದಿಯಲ್ಲಿ ಮುದುಡಿಕೊಂಡು ಬೆಳಗು ಮಾಡಿದ್ದು. ಬೆಳಿಗ್ಗೆ ನೋಡಿದರೆ ಮರಿ ಅವರ ಕಾಲ ಬುಡದಲ್ಲೇ ಮಲಗಿದ್ದದ್ದು. ಸಿರಾದಲ್ಲಿ ಹಳೆಯ ಸುಬೇದಾರನ ಗೋರಿಯ ಕಲ್ಲಿನ ಮೇಲೆ ಕೂತು ಇಬ್ಬರೂ ಕಡಲೆಕಾಯಿ ತಿಂದದ್ದು. ಸಾಹೇಬರು, “ಆವೋ ಆವೋ ಕಂಬ್ಳಿ ಗೌಡ್ರೇ, ಮೆಹಮಾನ್ ಯಾರು?” ಎಂದು ಎದ್ದು ಬಂದು ಕೈಮಾ ಬಡಿಸಿದ್ದು. ಅಲ್ಲಿಂದ ಮದಲೂರಿಗೆ ಹೋಗಿ, ಕೆರೆ ಏರಿಯ ಮೇಲೆ ನಡೆದು, ಈಚಲ ಬನದ ಹೆಂಡದಂಗಡಿಯಲ್ಲಿ ಸಂಜೆಯ ತನಕ ಕೂತದ್ದು.

“ನಮ್ಮ ಪಬ್ಬು ಏನೂ ಅಲ್ಲ ಕಣೋ” ಅಂದ. “ಮರದ ನೆರಳು, ಕೆರೆ ಗಾಳಿ, ಬಿಸಿ ಬಿಸಿ ಹುರಿದ ಮೀನು. ನಿಮ್ಮಪ್ಪ ಒಂದೊಂದು ಕತೆ ಹೇಳಿದ್ರೆ ಅಂಗಡಿಯೋರೆಲ್ಲ ಲೋಟ ಕೆಳಗಿಟ್ಟು ಕೇಳ್ತಿದ್ರು. ಆ ಮರಿ ಕತೆ ನಿಂಗೆ ಎಷ್ಟು ಸಲ ಹೇಳಿದಾರೆ?”

“ಸುಮಾರು ಸಲ” ಅಂದೆ.

ಅಪ್ಪ ಹೆಂಡ ಕುಡಿಯುತ್ತಾರೆಂಬುದು ನನಗೆ ಆ ಹೊತ್ತಿನ ತನಕ ಗೊತ್ತಿರಲಿಲ್ಲ. ಅದು ಹೋಗಲಿ. ಅಪ್ಪ ಕತೆ ಹೇಳುತ್ತಾರೆಂಬುದೂ ಗೊತ್ತಿರಲಿಲ್ಲ! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ, ಅವರ ಬಾಯಿಯಲ್ಲಿದ್ದದ್ದನ್ನೆಲ್ಲ ಯಾರೋ ಬೆಂಗಳೂರಿನವನು ಬಂದು ಒಂದೇ ದಿನದಲ್ಲಿ ಬಳಿದುಕೊಂಡು ಹೋದನಲ್ಲ ಎಂದು ಹೊಟ್ಟೆ ಉರಿದು ಹೋಯಿತು. ಸೋಮವಾರ ಅವನನ್ನು ಬಸ್ಸು ಹತ್ತಿಸಿದಾಗ, “ಮತ್ತೆ ಬಾ” ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕೈ ಮಾತ್ರ ಬೀಸಿದೆ. ಅಪ್ಪ ಬೆಳಿಗ್ಗೆ ಅವನಿಗೆ ಒಂದು ಕರಿ ಕಂಬಳಿ ಕೊಟ್ಟಿದ್ದರು. ಬೆಂಗಳೂರಿನ ಚಳಿಗೆ ಅಂತೆ.

ಮೋಹನ ಹೇಳಿದ್ದರಲ್ಲಿ ಒಂದು ವಿಷಯ ನನ್ನ ತಲೆಯಲ್ಲೇ ಕೂತಿತು. ಆ ಹೆಂಡದಂಗಡಿಯ ನಡುವೆ ಈಚಲ ಗರಿಯ ಒಂದು ತಟ್ಟಿ ಇದೆಯಂತೆ, ಎದೆಮಟ್ಟಕ್ಕೆ. ಅಪ್ಪ-ಮಗ, ಮಾವ-ಅಳಿಯ ಒಟ್ಟಿಗೆ ಬಂದರೆ ದೊಡ್ಡವರು ತಟ್ಟಿಯ ಈ ಕಡೆ, ಚಿಕ್ಕವರು ಆ ಕಡೆ. ಒಬ್ಬರು ಕುಡಿಯುವುದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಇಬ್ಬರಿಗೂ ಗೊತ್ತು, ಇಬ್ಬರಿಗೂ ಗೊತ್ತಿಲ್ಲ. ಹೊರಡುವಾಗ ದೊಡ್ಡವರು ಒಂದು ಸಲ ಕೆಮ್ಮಬೇಕು. ಅವರು ಕೆರೆ ಏರಿ ಹತ್ತುವ ತನಕ ಚಿಕ್ಕವರು ಏಳಬಾರದು. ಮೋಹನನಿಗೆ ಇದು ತಮಾಷೆಯಾಗಿ ಕಂಡಿತ್ತು. ಅವನಿಗೆ ತಟ್ಟಿಯ ಹಂಗು ಇರಲಿಲ್ಲವಲ್ಲ, ಅಪ್ಪನ ಪಕ್ಕದಲ್ಲೇ ಕೂತಿದ್ದ.

ಮುಂದಿನ ಶನಿವಾರ ನಾನು ಧೈರ್ಯ ಮಾಡಿದೆ. ಜಗಲಿಯ ಮೇಲಿಂದಲೇ, “ಅಮ್ಮ, ನಾಳೆ ನಾನು ಸಿರಾಕ್ಕೆ ಹೋಗ್ಬೇಕು. ಸರಿಯಾಗಿ ದಾರಿ ಗೊತ್ತಿಲ್ಲ ಅನ್ನು” ಎಂದು ಕೂಗಿದೆ.

“ಸಿರಾಕ್ಕೆ ದಾರಿ ನಿಂಗೆ ಯಾಕ್ಲಾ ಗೊತ್ತಿರ್ಬೇಕು? ಡ್ರೈವರ್‌ಗೆ ಗೊತ್ತೈತೆ” ಅಂದಳು ಅಮ್ಮ.

ಅಪ್ಪ ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ ಅಡುಗೆಮನೆಯ ಕಡೆ ಮುಖ ಮಾಡಿದರು. “ನಾಳೆ ಉಣ್ಣೆ ನೋಡಕ್ಕೆ ಮದ್ಲೂರಿಗೆ ಹೋಗ್ತಿದೀನಿ. ಬೇಕಾದ್ರೆ ಬರ್ಲಿ ಅನ್ನು.”

ಹೋದೆವು. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಸಿರಾದಲ್ಲಿ ಇಳಿದಾಗ ಅಪ್ಪ ಕೋಟೆಯ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರ ಹೋಟೆಲಿನಲ್ಲಿ ಬೇರೆ ಬೇರೆ ಮೇಜಿಗೆ ಕೂತೆವು. ನನಗೂ ಕೈಮಾ ಬಂತು. ಅಪ್ಪ ದೂರದಿಂದಲೇ ಬೆರಳು ತೋರಿಸಿ ಹೇಳಿರಬೇಕು. ಮದಲೂರಿನಲ್ಲಿ ಉಣ್ಣೆ ನೋಡಿದ್ದಾಯಿತು, ಬೇಡವೆಂದದ್ದೂ ಆಯಿತು. ಕೆರೆ ಏರಿಯ ಮೇಲೆ ಅಪ್ಪ ಮುಂದೆ ಮುಂದೆ, ನಾನು ಹಿಂದೆ ಹಿಂದೆ. ಮೋಹನನಿಗೆ ಈ ಏರಿಯ ಮೇಲೆ ಏನೇನು ಹೇಳಿದ್ದರೋ ಎಂದುಕೊಂಡು ಅಪ್ಪನ ಬೆನ್ನನ್ನೇ ನೋಡುತ್ತಾ ನಡೆದೆ. ಆ ಬೆನ್ನು ಏನೂ ಹೇಳಲಿಲ್ಲ.

ಹೆಂಡದಂಗಡಿಯ ಹನುಮಂತಣ್ಣ ನಮ್ಮಿಬ್ಬರ ಮುಖ ನೋಡಿದವನೇ ಏನೂ ಕೇಳದೆ ನನಗೆ, “ಚಿಕ್ಕೋರು ಆ ಕಡೆ” ಎಂದ. ಮೂಗು ಒಂದೇ ಥರ ಇದ್ದರೆ ಇನ್ನೇನು ಕೇಳುವುದು! ತಟ್ಟಿಯ ಆ ಕಡೆ ಹೋಗಿ ಮಣೆಯ ಮೇಲೆ ಕೂತೆ. ಲೋಟ ಬಂತು, ದೊನ್ನೆಯಲ್ಲಿ ಮೀನು ಬಂತು. ಹೆಂಡವನ್ನು ಮೊದಲ ಸಲ ಬಾಯಿಗಿಟ್ಟವನ ಮುಖ ಹೇಗಾಗುತ್ತದೆಂದು ನೋಡಲು ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ತಟ್ಟಿಯ ಸಂದಿಯಲ್ಲಿ ಅಪ್ಪನ ಬಿಳಿ ಅಂಗಿಯ ಚೂರು ಕಾಣುತ್ತಿತ್ತು. ಇಷ್ಟೇ ನನಗೆ ಸಿಗುವುದು ಅಂದುಕೊಂಡೆ. ಅಳು ಬರುವಷ್ಟು ಸಂಕಟವಾಯಿತು.

ಆಗ ಆ ಕಡೆಯಿಂದ ಅಪ್ಪ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

“ಆ ಕಡೆ ಯಾರೋ ಬಂದಂಗೈತೆ. ಯಾವೂರಪ್ಪ ತಮ್ದು?”

ನಾನು ಸುತ್ತ ನೋಡಿದೆ. ನನ್ನ ಕಡೆ ನಾನೊಬ್ಬನೇ. ಹನುಮಂತಣ್ಣ ಮೀನು ತಿರುವುತ್ತಾ ನಮಗೆ ಬೆನ್ನು ಹಾಕಿ ನಿಂತಿದ್ದ. ಹೇಗೆ ಹೊಳೆಯಿತೋ ಗೊತ್ತಿಲ್ಲ, “ಬೆಂಗ್ಳೂರು ಯಜಮಾನ್ರೇ” ಅಂದೆ.

“ಬೆಂಗ್ಳೂರಾ! ಅಲ್ಲಿಂದ ಬಂದ್ಬುಟ್ರಾ! ಬನ್ನಿ ಬನ್ನಿ. ಮೀನು ಬಿಸಿ ಐತಾ? ಇಲ್ದಿದ್ರೆ ಹೇಳಿ, ಬ್ಯಾರೆ ಆಕ್ಸಾನ.”

ಅಪ್ಪ ನನ್ನನ್ನು ಬಹುವಚನದಲ್ಲಿ ಕರೆದರು. ಆಮೇಲೆ ಮಾತು ಶುರು ಮಾಡಿದರು ನೋಡಿ! ಕೆರೆ ತುಂಬಿ ಕೋಡಿ ಬಿದ್ದ ವರ್ಷ ಅಡಿಕೆ ಪಟ್ಟೆಯಷ್ಟು ಅಗಲದ ಮೀನು ಹಿಡಿದದ್ದು. ಪಟ್ಟನಾಯಕನಹಳ್ಳಿಯ ಮಠಕ್ಕೆ ಕಂಬಳಿ ಹೊತ್ತುಕೊಂಡು ಹೋಗಿ, ಊಟದ ಪಂಕ್ತಿಯಲ್ಲಿ ಕೂತು, ಬಂದ ಕೆಲಸವನ್ನೇ ಮರೆತು ಕಂಬಳಿ ಸಮೇತ ವಾಪಸ್ಸು ಬಂದದ್ದು. ನಾನು ಹೂಂಗುಟ್ಟುತ್ತಾ, ನಡುನಡುವೆ ಬೆಂಗಳೂರಿನವರ ಹಾಗೆ “ಹೌದಾ?” ಅನ್ನುತ್ತಾ ಕೂತೆ.

“ನಮ್ಮಾಕೆ ಪಾವಗಡದ ಕಡೆಯೋಳು” ಅಂದರು. “ಮದ್ವೆ ಆದ ಹೊಸ್ದರಲ್ಲಿ ಅವ್ಳಿಗೆ ಬರೀ ತೆಲುಗು, ನಂಗೆ ಬರೀ ಕನ್ನಡ. ಸುಮಾರು ದಿನ ಇಬ್ರೂ ಬರೀ ನಗಾಡ್ಕಂಡೇ ಸಂಸಾರ ಮಾಡಿದ್ವಿ. ಮಾತು ಬಂದ್ಮೇಲೇ ಕಣ್ರೀ ಜಗ್ಳ ಶುರುವಾಗಿದ್ದು.”

ಇಂಥ ಅಪ್ಪ ನನಗಿದ್ದಾರೆಂದು ಯಾರಾದರೂ ಹೇಳಬಾರದಿತ್ತೆ! ಒಂದು ಲೋಟ ಮುಗಿದಿತ್ತು. ಬೆಂಗಳೂರಿನವನಿಗೆ ಧೈರ್ಯ ಬಂತು.

“ಮಕ್ಕಳೆಷ್ಟು ಯಜಮಾನ್ರೇ?” ಎಂದು ಕೇಳಿದೆ.

“ಒಬ್ನೇ. ಮೇಷ್ಟ್ರು. ಕೊರಟಗೆರೇಲವ್ನೆ.”

“ಹೆಂಗೆ, ಒಳ್ಳೆಯವನಾ?”

ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು.

“ಒಳ್ಳೆಯವ್ನೇ ಇರ್ಬೇಕು. ನಂಗೆ ಅಷ್ಟಾಗಿ ಪರಿಚಯ ಇಲ್ಲ.”

ನಾನು ಈಚಲ ಗರಿಯನ್ನೇ ನೋಡುತ್ತಾ ಕೂತೆ. ಅಪ್ಪ ಮುಂದುವರಿಸಿದರು. ಆಗ ಅವರ ದನಿ ಸ್ವಲ್ಪ ಇಳಿದಿತ್ತು. “ನಮ್ಮಪ್ಪ ನಂಜೊತೆ ಮಾತಾಡ್ತಿರ್ಲಿಲ್ಲ. ಹೆಂಗೆ ಮಾತಾಡ್ಬೇಕು ಅಂತ ನಾನು ಎಲ್ಲೂ ನೋಡ್ಲೇ ಇಲ್ಲ. ಹೊರಗಿನೋರು ಬಂದ್ರೆ ಮಾತು ತಾನಾಗೇ ಬತ್ತದೆ. ಅವ್ನು ಎದುರಿಗೆ ಕೂತ್ರೆ ಗಂಟ್ಲು ಕಟ್ಕತದೆ. ಏನೋ ಕೇಳಕ್ಕೋಗ್ತೀನಿ, ರೇಡಿಯೋ ಸಣ್ಣಕ್ ಇಡು ಅಂತ ಬತ್ತದೆ. ಇಂಗೆ ನೋಡಿ ನಮ್ದು.”

“ಅವನಿಗೆ ಗೊತ್ತಾಗ್ತದೆ ಬಿಡಿ ಯಜಮಾನ್ರೇ” ಅಂದೆ.

“ಗೊತ್ತಾಗ್ಲಿ” ಅಂದರು. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಒಂದು ಸಲ ಕೆಮ್ಮಿದರು. ಬಿಳಿ ಅಂಗಿಯ ಚೂರು ತಟ್ಟಿಯ ಸಂದಿಯಿಂದ ಮಾಯವಾಯಿತು.

ನೀವು ನಂಬುತ್ತೀರೋ ಇಲ್ಲವೋ, ಸಂತೋಷದ ಹಿಂದೆಯೇ ನನಗೆ ಆದದ್ದು ಹೊಟ್ಟೆಕಿಚ್ಚು. ಆ ಬೆಂಗಳೂರಿನವನ ಮೇಲೆ! ಮೋಹನನ ಮೇಲಲ್ಲ, ತಟ್ಟಿಯ ಆ ಕಡೆ ಕೂತು ಅಪ್ಪನಿಂದ “ಬನ್ನಿ ಬನ್ನಿ” ಅನ್ನಿಸಿಕೊಂಡವನ ಮೇಲೆ. ಅಪ್ಪ ಬಾಯಿ ಬಿಟ್ಟದ್ದು ಅವನಿಗೆ. ನನಗೆ ಸಿಕ್ಕಿದ್ದು ಬಸ್ಸಿನ ಹಿಂದಿನ ಸೀಟು. ಮನೆಗೆ ಬಂದಾಗ ಅಪ್ಪ ಅಮ್ಮನಿಗೆ, “ಅವ್ನಿಗೆ ಊಟಕ್ಕಿಕ್ಕು” ಅಂದರು. ಅಮ್ಮ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, ಏನೂ ಕೇಳದೆ ಮುದ್ದೆ ಮುರಿದು ಹಾಕಿದಳು.

ಆಮೇಲೆ ಎಷ್ಟೋ ಸಲ ಉಣ್ಣೆ ನೋಡಲು ಹೋದೆವು. ಮದಲೂರಿನಲ್ಲಿ ಅಷ್ಟು ಉಣ್ಣೆ ಇರಲಿಲ್ಲ. ನಾನು ಒಂದು ಸಲ ದಾವಣಗೆರೆಯವನಾದೆ, ಒಂದು ಸಲ ಮೈಸೂರಿನವನಾದೆ. ದಾವಣಗೆರೆಯವನಿಗೆ ಅಪ್ಪ ತಾತನ ಸಾವನ್ನು ಹೇಳಿದರು. ಮೈಸೂರಿನವನಿಗೆ, ಮಗ ಹುಟ್ಟಿದಾಗ ಎತ್ತಿಕೊಳ್ಳಲು ಹೆದರಿ ಅಂಗಡಿಗೆ ಓಡಿಹೋದದ್ದನ್ನು ಹೇಳಿದರು. ಅವರಿಬ್ಬರ ಮೇಲೂ ನಾನು ಉರಿದುಕೊಂಡೆ. ಕೊನೆಗೆ ಒಂದು ಭಾನುವಾರ ತಡೆಯಲಾರದೆ, “ಯಾವೂರಪ್ಪ ತಮ್ದು?” ಎಂದು ಕೇಳಿದಾಗ, “ಮಧುಗಿರಿ” ಅಂದುಬಿಟ್ಟೆ. ಆ ಕಡೆ ಮಾತು ನಿಂತಿತು. ಅಪ್ಪ ಲೋಟ ಮುಗಿಸಿದರು, ಕೆಮ್ಮಿದರು, ಎದ್ದು ಹೋದರು. ಮುಂದಿನ ಸಲ ನಾನು ಬುದ್ಧಿ ಕಲಿತು ಹುಬ್ಬಳ್ಳಿಯವನಾದೆ. ಅಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ಎರಡು ದೊನ್ನೆ ಮೀನು ಕಳಿಸಿದರು. ಅಪ್ಪ ತೀರಿಹೋಗುವ ತನಕವೂ ನಾವು ಹಾಗೇ ಇದ್ದೆವು. ಮಧುಗಿರಿಯವನ ಜೊತೆ ಅವರು ಕೂತು ಮಾತಾಡಲಿಲ್ಲ.

ಇದನ್ನೆಲ್ಲ ಮೊನ್ನೆ ಕೊರಟಗೆರೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಮಗನಿಗೆ ಹೇಳಿದೆ. ನಾನು ಹೇಳುತ್ತಿದ್ದದ್ದು ಎದುರಿನ ರಸ್ತೆಯನ್ನು ನೋಡಿಕೊಂಡು. ಅದು ನನ್ನ ಅಭ್ಯಾಸ. ಅವನು ನನ್ನ ಪಕ್ಕದಲ್ಲೇ ಕೂತು, ತನ್ನ ಟೀ ಮುಗಿದ ಮೇಲೆ ನನ್ನ ಲೋಟದ್ದನ್ನೂ ತೆಗೆದು ಕುಡಿದ. ಪೂರಾ ಕೇಳಿದ ಮೇಲೆ ನನ್ನ ಕಡೆ ತಿರುಗಿದ.

“ಅಪ್ಪ, ನಿಂಗೆ ಈಗಲೂ ಅವರ ಮೇಲೆಲ್ಲ ಹೊಟ್ಟೆಕಿಚ್ಚಾ?”

“ಅವರ ಮೇಲೆ ಹೋಯ್ತು ಕಣೋ” ಅಂದೆ. “ಈಗ ನಿನ್ನ ಮೇಲೆ.”

“ನನ್ ಮೇಲಾ? ನಾನೇನ್ ಮಾಡ್ದೆ?”

“ಏನೂ ಇಲ್ಲ. ನಿಮ್ಮಪ್ಪನ ಮುಖ ನೋಡ್ಕೊಂಡೇ ಕೇಳಿದೆಯಲ್ಲ, ಅದಕ್ಕೆ.”